ಹೆಬ್ಬೆರಳ ಗುಳಿ

ನಿನ್ನೆ ಸಂಜೆ ನನ್ನ ಕೋಟಿನ ಜೇಬಿಂದ
ಕ್ಯಾರೆಟ್ ಕದ್ದವಳು ಡ್ಯಾಮ್ಸನ್,
ಇವತ್ತು ಓಟ್ಸಿನ ಬಕೆಟ್ಟಿಗೇ ಮುಖ ತಿರುವಿದಳು.

ನಾಲ್ಕೂ ಕಾಲು ಬಾತು
ಮಂಡಿ ಯಾವುದು, ಗೆಣ್ಣು ಯಾವುದು, ಒಂದೇ ಕಂಬ.
ಒತ್ತಿದೆ.
ನಾದಿಟ್ಟ ಹಿಟ್ಟಿನಲ್ಲಿ ಉಳಿದ ಹಾಗೆ
ಹೆಬ್ಬೆರಳ ಗುಳಿ.

ಆರ್ಟನ್ನಿನಿಂದ ಡಾಕ್ಟರ್ ಥ್ವೇಟ್ ಬಂದರು,
ಜ್ವರ ನೋಡಿ, ರಕ್ತ ತೆಗೆದು,
ಎದೆಗೆ ಬಹಳ ಹೊತ್ತು ಕಿವಿಗೊಟ್ಟು
ಕಡೆಗೆ ಟೋಪಿ ಕೈಗೆ ತಗೊಂಡು ಅಂದರು:
ಗೊತ್ತಾಗುತ್ತಿಲ್ಲ, ಮರೀಲ್.
ಇಪ್ಪತ್ತೇಳು ವರ್ಷ ಅಲ್ಲವೇ ಇವಳಿಗೆ?

ಇಪ್ಪತ್ತೆಂಟು, ಅಂದೆ.
ಅದೊಂದೇ ನನಗೆ ಖಚಿತ ಗೊತ್ತಿದ್ದದ್ದು.

ರಾತ್ರಿ ಲಾಯದಲ್ಲಿ
ಪೈಪು ಹಿಡಿದು ತಣ್ಣೀರು ಬಿಡುತ್ತಿದ್ದೆ.
ಫೆಲ್ ಬೆಟ್ಟದ ಗಾಳಿ ಬಾಗಿಲ ಚಿಲಕ ಅಲ್ಲಾಡಿಸುತ್ತಿತ್ತು.
ಬಗ್ಗಿ ಮುಟ್ಟಿದ್ದೇ ತಡ,
ಆ ನೋವಿನ ಕಾಲನ್ನೇ ಎತ್ತಿ
ನನ್ನ ಮಡಿಲಲ್ಲಿಟ್ಟಳು,
ಲಾಳ ಹೊಡೆಯುವವನಿಗೆ ಕೊಡುವ ಹಾಗೆ,

ನನಗೂ ಏನೋ ಬರುತ್ತದೆ ಅಂದುಕೊಂಡು.