ದೂರದ ಬೆಟ್ಟದ ಲೆಕ್ಕ

ಅಡಿಲೇಡಿನಲ್ಲಿ ನಲವತ್ತೆರಡು ಡಿಗ್ರಿ.
ನಾಲ್ಕನೇ ಮಹಡಿಯ ಕಿಟಕಿಗೆ ಮೌಂಟ್ ಲಾಫ್ಟಿ
ಇಸ್ತ್ರಿ ಹಾಕಿಟ್ಟ ಹಾಗೆ ನುಣ್ಣಗೆ.

ಪರದೆಯ ಮೇಲೆ ಟ್ರೈಟಾನು:
ಒಂದು ಪ್ರೋಟಾನು, ಎರಡು ನ್ಯೂಟ್ರಾನು,
ಮೂರೇ ಮಂದಿಯ ಸಂಸಾರ.
ಇಬ್ಬಿಬ್ಬರ ನಡುವಿನ ಬಲವನ್ನೆಲ್ಲ ಕೂಡಿಸಿದರೂ
ಪ್ರಯೋಗ ಹೇಳುವ ಎಂಟೂವರೆಗೆ ಮುಕ್ಕಾಲು ಕಡಿಮೆ.
ಮೂರು ವಾರದಿಂದ ಅದೇ ಮುಕ್ಕಾಲು,
ಹಲ್ಲಿನ ಸಂದಿಗೆ ಸಿಕ್ಕ ಜೀರಿಗೆ.

ಒಂದು ಫೆರ್ಮಿ ದೂರದಲ್ಲಿ ಬಾ ಬಾ ಎನ್ನುತ್ತವೆ,
ಅರ್ಧಕ್ಕೆ ಬಂದರೆ ಮುಖದ ಮೇಲೇ ಬಾಗಿಲು.
ಆ ಒರಟು ನನ್ನ ಗಣಕಕ್ಕೆ ನುಂಗಲಾರದ ತುತ್ತು.
ಅದಕ್ಕೇ ಕಣ್ಣು ಕಿರಿದು ಮಾಡಿ ನೋಡುತ್ತೇವೆ,
ಇಷ್ಟಕ್ಕಿಂತ ಸಣ್ಣದು ಕಾಣದಿರಲಿ ಎಂದು
ನಾವೇ ಒಂದು ಗೆರೆ ಹಾಕಿಕೊಂಡು.
ದೂರದ ಬೆಟ್ಟ ನುಣ್ಣಗೆ, ಎಂದಿದ್ದೆ ಟ್ರೆಗೆಂಜಾಗೆ.
ಅದನ್ನು ಬೋರ್ಡಿನ ಮೂಲೆಯಲ್ಲಿ ತನ್ನ ಭಾಷೆಯಲ್ಲಿ ಬರೆದು
'ಅಳಿಸಬೇಡಿ' ಎಂದು ಸುತ್ತ ಚೌಕ ಎಳೆದಿದ್ದ.

ಅವನ ಮನೆ ಆ ಬೆಟ್ಟದಲ್ಲಿತ್ತು.
ಜನವರಿಯಲ್ಲಿ ಸುಟ್ಟುಹೋಯಿತು.

ಹೋಗಿದ್ದೆ. ಹತ್ತಿರದಲ್ಲಿ ಬೆಟ್ಟ ಬೆಟ್ಟವೇ ಅಲ್ಲ:
ಕರಿಕಂಬಗಳಾದ ನೀಲಗಿರಿ,
ಕರಗಿ ಮತ್ತೆ ಹೆಪ್ಪುಗಟ್ಟಿದ ಯಾವುದೋ ತಗಡು,
ಒಂದು ಸ್ಪ್ಯಾನರು.
ಎರಡು ಮಡಚು ಕುರ್ಚಿ. ಹನ್ನೊಂದು ವರ್ಷದ ಸ್ನೇಹ.
ನಾನು ಕುರ್ಚಿಯನ್ನು ಗೇಣು ಸರಿಸಿದರೆ
ಅವನು ತನ್ನದನ್ನು ಗೇಣು ಸರಿಸುತ್ತಿದ್ದ.

ಅಷ್ಟರಲ್ಲಿ ಪಕ್ಕದ ಮನೆಯಿದ್ದ ಜಾಗದಿಂದ
ಇಲ್ಲದ ಬೇಲಿಯನ್ನು ಕಾಲೆತ್ತಿ ದಾಟಿ ಬಂದಳು ಒಬ್ಬ ಮುದುಕಿ,
ಕೈಯಲ್ಲಿ ಮಸಿ ಹಿಡಿದ ಕೆಟಲು.
"ಇದು ನಿನ್ನದೋ, ನನ್ನದೋ?"

ಟ್ರೆಗೆಂಜಾ ನಕ್ಕ. ನಗು ನಿಲ್ಲಲಿಲ್ಲ,
ಆಮೇಲೆ ಅದು ನಗುವಾಗಿರಲಿಲ್ಲ.
ನನ್ನ ಕೈ ಅವನ ಹೆಗಲ ಮೇಲಿತ್ತು. ಅದು ಯಾವಾಗ ಹೋಯಿತೋ.
ಅವಳ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಒರೆಸಿಹಾಕಿದ್ದು ಎಲ್ಲಿಗೂ ಹೋಗುವುದಿಲ್ಲ.
ಇಬ್ಬರ ಲೆಕ್ಕದಿಂದ ಹೆರೆದು ತೆಗೆದ ಒರಟು
ಮೂವರ ಲೆಕ್ಕದಲ್ಲಿ ಬಂದು ಕೂರುತ್ತದೆ,
ಯಾವ ಇಬ್ಬರದೂ ಅಲ್ಲದ ಬಲವಾಗಿ.
ಪಾಠದಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೆ,
ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ.

ಇವತ್ತು ಆ ಪದವನ್ನು ಸೇರಿಸಿದೆ.
ಬೆಲೆ ತಿಳಿಯದ ಎರಡು ಸ್ಥಿರಾಂಕ, ತಿರುಗಿಸಿ ತಿರುಗಿಸಿ
ರಾತ್ರಿ ಒಂಬತ್ತಕ್ಕೆ ಎಂಟೂವರೆ ಬಂತು.
ಬರದೆ ಏನು, ಹೊಂದಿಸಿದ್ದು ನಾನೇ.
ನಿಜವಾದ ಪರೀಕ್ಷೆ ನಾಳೆ, ಹೀಲಿಯಂ, ನಾಲ್ವರು.

ಬೋರ್ಡಿನ ಮೂಲೆ ಖಾಲಿ.
ಚೌಕ ಮಾತ್ರ ಉಳಿಸಿದ್ದಾನೆ.
ಕೆಟಲು ಯಾರದೆಂದು
ಇನ್ನೂ ತೀರ್ಮಾನವಾಗಿಲ್ಲವಂತೆ.