ಮ್ಯಾಲಿನ ಕಂಪ್ಯೂಟರಿಗೆ ಗೊತ್ತಿದ್ದ ಹೆಸರು

ಮಾಳಿಗಿ ಮ್ಯಾಲೊಂದು, ಪಡಸಾಲ್ಯಾಗೊಂದು.
ನಡುವ ಹನ್ನೊಂದು ಮೆಟ್ಟಲ, ಒಂದ ವೈಫೈ.
ಮ್ಯಾಲಿನದ್ರಾಗ ನಾ ಬರದ ಗೋಮಿ ದಡಿ ಐತಿ,
ಕೆಳಗಿಂದಕ್ಕ ಅದು ಬೇಕು. ನಾಳಿ ಮುಂಜಾನಿ
ಪಟ್ಟಿಗೆ ತೂತು ಹೊಡಿಯಾಕ ಹುಚ್ಚೀರಪ್ಪ ಬರ್ತಾನ.
ಪೆನ್ ಡ್ರೈವ್ ಇತ್ತು. ಅದನ್ನ ಮೈದುನ
ತನ್ನ ಟಂಟಂಗೆ ಸಿಗಿಸ್ಯಾನ, ಹಾಡು ಕೇಳಾಕ.

ಕೆಳಗ ಕೂತು ಮ್ಯಾಲಿಂದನ್ನ ಒತ್ತಿದೆ.
ಸಣ್ಣ ಕಿಟಕಿ ತಗದು ಕೇಳ್ತು:
ಹೆಸರೇನು, ಪಾಸ್‌ವರ್ಡ್ ಏನು.
ವಿಶಾಲಾಕ್ಷಿ, ಅಂದೆ.
ದಿನಾ ಮುಂಜಾನಿ ಕೊಡೂ ನಾಕು ಅಂಕಿ ಕೊಟ್ಟೆ.
ತಪ್ಪು, ಅಂತು.

ದೊಡ್ಡಕ್ಷರ ಸಣ್ಣಕ್ಷರ ನೋಡಿದೆ.
ವೈಫೈ ಡಬ್ಬಿ ಆರಿಸಿ, ಹತ್ತು ಎಣಿಸಿ, ಹಚ್ಚಿದೆ.
ತಪ್ಪು.
ಹಂಚಿಕೊಳ್ಳೂ ಗುಂಡಿ ಎರಡೂ ಕಡಿ ಹಚ್ಚೇ ಇತ್ತು.
ಏನೂ ಬರೀದ ಖಾಲಿ ಬಿಟ್ಟು ಒತ್ತಿದೆ,
ಅದಕ್ಕಂತೂ ಮಾರಿನ ತಿರುವಿತು:
ಕೀಲಿ ಇಲ್ಲದ ಮನಿಗೆ ಮನಿಯವರು ಹೊಗಬಹುದು,
ಹೊರಗಿನವರು ಹೊಗೂವಂಗಿಲ್ಲ, ಅದರ ಕಾಯ್ದೆ ಹಂಗ.
ಆ ನಾಕು ಅಂಕಿನೂ ಅಷ್ಟ,
ತನ್ನ ಹೊಸ್ತಿಲದಾಗ ಅಷ್ಟ ನಡಿಯೂ ನಾಣ್ಯ.

ಒಂದೊಂದ ಸಲ ಹಳೇ ಗುರುತು ಹಿಡಕೊಂಡು ಕುಂತಿರ್ತೈತಿ ಅಂತ
ಒಳಗ ಹುಡುಕಿದೆ. ಮೂರು ಹಳೇ ಚೀಟಿ ಸಿಕ್ಕುವು,
ಮೈದುನ ಎಂದೋ ತಪ್ಪು ಹೊಡದು ಬಿಟ್ಟವು.
ಅಳಿಸಿದೆ. ಮತ್ತ ಕೊಟ್ಟೆ.
ಮತ್ತ ತಪ್ಪು.

ಹಿಂದಿನ ಖೋಲ್ಯಾಗ ಮಗ್ಗ ನಡದಿತ್ತು, ಖಟ್ಲ ಖಟ್ಲ.
ಬೆಟಗೇರಿ ಓಣಿಯೆಲ್ಲಾ ಮಲಗಿದ್ರೂ ಅದಕ್ಕ ನಿದ್ದಿಲ್ಲ.
ಇಷ್ಟ ವರ್ಷದಾಗ ಅದು ಒಮ್ಮಿನೂ ನನ್ನ ಹೆಸರು ಕೇಳಿಲ್ಲ.
ತೂತು ಇದ್ದಲ್ಲಿ ಎಳಿ ಎತ್ತತೈತಿ,
ಇಲ್ಲದಲ್ಲಿ ಬಿಡ್ತೈತಿ.

ಅತ್ತಿ ಕಂಡಿಕಿ ಸುತ್ತಕೋಂತ ಅಂದ್ರು:
"ಅದಕ್ಕ ನಿನ್ನ ಯಾವ ಹೆಸರು ಗೊತ್ತೈತಿ,
ಅದನ್ನ ಕೇಳಬಾರದೇನ?"

ಮ್ಯಾಲ ಹೋದೆ. ಕರೇ ಕಿಟಕಿ ತಗದೆ.
ಅಲ್ಲೊಂದು ಆಜ್ಞೆ ಐತಿ,
ಮೂರು ಇಂಗ್ಲಿಷ್ ಶಬ್ದ ಜಾಗಾ ಬಿಡದ ಬರಿಯೂದು.
ಅರ್ಥ: ನಾ ಯಾರು.
ಮಠದಾಗ ಕಣ್ಣು ಮುಚ್ಚಿ ಕೂತವರು ಕೇಳೂದನ್ನ
ನಾ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಚಕ್ಕಲಬಕ್ಕಲ ಕೂತು ಕೇಳಿದೆ.
ಕಣ್ಣು ಪಿಳುಕಿಸೂದ್ರಾಗ ಉತ್ತರ:
ನೀಲಗಂಗಾ.

ಏಳು ವರ್ಷ ಆತು.
ನರೇಗಲ್ಲಿನ ತವರಿನ್ಯಾಗ ಜಂಪರ ಹೊಲದು
ಕೂಡಿಟ್ಟ ರೊಕ್ಕದ ಕಂಪ್ಯೂಟರ್ ಇದು,
ಲಗ್ನಾದ ವಾರಕ್ಕ, ಎರಡು ಗಾದಿ ನಡುವ ಕುಂತು ಬಂದದ್ದು.
ತಾಟಿನ ಅಕ್ಕಿ ಮ್ಯಾಲ ಉಂಗುರದಿಂದ ವಿಶಾಲಾಕ್ಷಿ ಅಂತ ಬರದ್ರು,
ರೇಷನ್ ಕಾರ್ಡಿನ್ಯಾಗ ಬರದ್ರು, ಬ್ಯಾಂಕಿನ್ಯಾಗ ಬರದ್ರು,
ಮೈದುನ ಇದರ ಮಾರಿ ಮ್ಯಾಲೂ ಬರದ.
ಮಾರಿ ಮ್ಯಾಲಷ್ಟ.
ಒಳಗಿಂದು ಮೊದಲ ದಿನ ಏನಿತ್ತೋ ಅದ.

ಕೆಳಗ ಬಂದೆ. ನೀಲಗಂಗಾ, ಅಂದೆ.
ಅವತ್ತಿನ ಪಾಸ್‌ವರ್ಡ್ ತಲಿಗೆ ಬರಲಿಲ್ಲ,
ಬೆರಳಿಗೆ ಬಂತು.
ಬಾಗಲಾ ತಗೀತು.

ದಡಿ ಇಳಿಯಾಕ ಹತ್ತಿತು. ನಾಕು ನಿಮಿಷ ಅಂತು,
ಆಮ್ಯಾಲ ಇಪ್ಪತ್ತು, ಆಮ್ಯಾಲ ಒಂದು.
ಅದರ ಲೆಕ್ಕ ಅದಕ್ಕ ಗೊತ್ತಿಲ್ಲ.
ಅಷ್ಟರಾಗ ಮನಿಯವರಿಗೆ ಬ್ಯಾರೆ ಖಾತೆ ತಗದೆ,
ಹೆಸರು 'ದಡಿ', ಎಲ್ಲಾರಿಗೂ ಗೊತ್ತಿರೂ ಗುಟ್ಟು.
ನನ್ನದು ನನ್ನ ಹಂತ್ಯಾಕ.

"ನನ್ನ ಬಗ್ಗೆ ಕೇಳಿದ್ರ ಏನ ಅಂತೈತೋ," ಅಂದ್ರು ಅತ್ತಿ,
ಹರದ ಎಳಿ ಗಂಟು ಹಾಕಿ, ನಕ್ಕು.
ನಾ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಅಮಾಸಿ ದಿನ, ಹೋಳಿಗಿ ಲಟ್ಟಿಸುವಾಗ,
ಹಿಟ್ಟಿನ ಕಡೆ ನೋಡಕೋಂತ
ಒಂದು ಹೆಸರು ಹೇಳಿದ್ರು.
ಅದನ್ನ ನಾ ಇಲ್ಲಿ ಬರಿಯೂದಿಲ್ಲ.