ಆರನೇ ಫ್ಯೂಸು

ವಿಮೆ ಕಂಪನಿಯವರಿಗೆ ಮೂರೇ ಮಾತು ಬೇಕಿತ್ತು:
ಪ್ಯಾನೆಲ್ಲಿನ ಹೆಸರು, ವಯಸ್ಸು, ತಾಕತ್ತು.
ಅದಕ್ಕೇ ಮಾರ್ಲಿಸ್ ನನ್ನನ್ನು ಕರೆಸಿದ್ದು.
ರಾತ್ರಿ ಪಾಳಿಯ ನರ್ಸು, ಈ ಮನೆ ಕೊಂಡು ಹದಿನೇಳು ದಿನ,
ಕಣ್ಣ ಕೆಳಗೆ ಇನ್ನೂ ಆಸ್ಪತ್ರೆಯ ನಸುಕು.

ಕ್ಯಾಲುಮೆಟ್. ಮಿಷಿಗನ್ನಿನ ಬಡಗಣ ತುದಿ.
ಎಲ್ಲೆಲ್ಲಿಯದೋ ತಂತಿಗೆಂದು ತಾಮ್ರ ಅಗೆದು ಕಳಿಸಿದ ಊರು;
ಗಣಿಯ ಬಾಯಿಗಳಿಗೆ ಈಗ ಕಾಂಕ್ರೀಟಿನ ಮುಚ್ಚಳ.

ನೆಲಮಾಳಿಗೆಗೆ ಇಳಿದೆ. ತಲೆ ತಗ್ಗಿಸಿ, ಟಾರ್ಚು ಹಲ್ಲಲ್ಲಿ ಕಚ್ಚಿ.
ಗೋಡೆಗೆ ಬಳಿದ ಬೂದು ಬಣ್ಣವನ್ನೇ ಪೆಟ್ಟಿಗೆಗೂ ಬಳಿದಿದ್ದಾರೆ,
ಹೆಸರಿನ ಮೇಲೂ. ಉಗುರಲ್ಲಿ ಕೆರೆದರೆ ಎರಡು ಅಕ್ಷರ ಎದ್ದವು,
ಮೂರನೆಯದು ತುಕ್ಕು.
ಎಳೆದು ತೆಗೆಯುವ ಕಪ್ಪು ಹಿಡಿಗಳು ಎರಡು: ಒಂದು ಇಡೀ ಮನೆಗೆ, ಒಂದು ಒಲೆಗೆ.
ಕೆಳಗೆ ಗಾಜಿನ ಕಣ್ಣಿನ ತಿರುಪು ಫ್ಯೂಸು, ಆರು.
ಅರವತ್ತು ಆಂಪಿಯರ್. ತೊಲೆಗಳ ಉದ್ದಕ್ಕೆ ಪಿಂಗಾಣಿ ಗುಬುಟು,
ಬಟ್ಟೆ ಸುತ್ತಿದ ತಂತಿ; ಮುಟ್ಟಿದರೆ
ಹಳೆಯ ಬಿಸ್ಕತ್ತಿನ ಹಾಗೆ ಉದುರುತ್ತದೆ.

ಬಾಗಿಲ ಒಳಮೈಗೆ ಒಂದು ಚೀಟಿ, ಪೆನ್ಸಿಲಿನ ಬರಹ, ಫಿನ್ನಿಶ್.
ಅಜ್ಜಿಯ ಬೈಗುಳ ಬಿಟ್ಟು ನನಗೆ ಆ ಭಾಷೆಯಲ್ಲಿ ಏನೂ ಬಾರದು.

ಹಾಗಾಗಿ ಹಳೇ ಉಪಾಯ: ಒಂದೊಂದೇ ತಿರುಪಿ ತೆಗೆಯುವುದು,
ಮೇಲಿಂದ ಅವಳು ಕೂಗುವುದು.
“ಅಡುಗೆಮನೆ!”
“ಬಚ್ಚಲು!”
“ಮಹಡಿಯ ಎರಡೂ ಕೋಣೆ... ಅಲ್ಲ, ಒಂದೇ!”
ಆರನೆಯದು ಜಪ್ಪಯ್ಯ ಅಂದರೂ ಜಗ್ಗದು. ಇಕ್ಕಳ ಹಾಕಿ ತಿರುಪಿದೆ.
ಮೇಲೆ ಸದ್ದಿಲ್ಲ.
“ಏನು ಆರಿತು?”
“ಏನೂ ಇಲ್ಲ. ಎಲ್ಲಾ ಉರೀತಿದೆ.”

ಗೂಡಿನೊಳಗೆ ಬೆಳಕು ಬಿಟ್ಟು ನೋಡಿದರೆ,
ಫ್ಯೂಸಿನ ಹಿಂದೆ ಒಂದು ಪೆನ್ನಿ.
ತಾಮ್ರದ್ದು. ಸಾವಿರದೊಂಬೈನೂರ ಐವತ್ತೊಂದು.
ಸುಟ್ಟ ಫ್ಯೂಸು ಬದಲಿಸಲು ಬೇಸತ್ತವರು ಮಾಡುವ ಕೆಲಸ.
ಕಾವಲಿನವನಿಗೆ ಲಂಚ ಕೊಟ್ಟು ಮಲಗಿಸಿದ ಹಾಗೆ:
ಆಮೇಲೆ ತಂತಿ ಕೆಂಪಗೆ ಕಾದರೂ ಕೇಳುವವರಿಲ್ಲ.
ಯಾವ ಪೆದ್ದನಪ್ಪಾ ಇವನು, ಎಂದು ಬೈದೆ. ಜೋರಾಗಿಯೇ.

ಹಿಂಬಾಗಿಲು ಬಡಿದ ಸದ್ದು.
ಪಕ್ಕದ ಮನೆಯ ಲೆಂಪಿ, ಎಂಬತ್ತೊಂದು ವರ್ಷ, ಹಿಮದ ಬೂಟು,
ಕೈಯಲ್ಲಿ ಅರ್ಧ ತೆಗೆದ ಜಾಮಿನ ಬಾಟಲಿ.
“ನಮ್ಮ ನೆಲಮಾಳಿಗೆ ದೀಪ ಹೋಯ್ತು. ನಿಮ್ಮಲ್ಲೂ ಹೋಯ್ತಾ?”

ಅವಳನ್ನು ಕೈ ಹಿಡಿದು ಇಳಿಸಿದೆವು. ಚೀಟಿ ಓದಿದಳು,
ಕೆಯ್ಟಿಯೋ, ಅಂದರೆ ಅಡುಗೆಮನೆ. ಸೌನಾ, ಅದು ನಿಮಗೇ ಗೊತ್ತು.
ಆರನೆಯ ಸಾಲಿಗೆ ಬಂದು
ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.
“ಲೆಸ್ಕಿ. ಗಂಡ ಸತ್ತವಳು.
ನಮ್ಮಮ್ಮ.”

ಅಪ್ಪ ಗಣಿಯಲ್ಲಿ ಉಳಿದಾಗ ಇವಳಿಗೆ ಒಂಬತ್ತು.
ಬಿಲ್ಲು ಕಟ್ಟಲಾಗದೆ ಆ ಚಳಿಗಾಲ ಕರೆಂಟು ಕಿತ್ತಿದ್ದರಂತೆ.
ಈ ಮನೆಯ ಉರ್ಹೊ ಕೆಂಪೈನೆನ್ ಮಾತಿನವನಲ್ಲ,
ಎರಡೂ ಮನೆ ಬಾಗಿಲ ಹಿಮ ಎತ್ತಿಹಾಕಿ, ಸಲಿಕೆ ಝಾಡಿಸಿ,
ಒಳಗೆ ಹೋಗುತ್ತಿದ್ದನಷ್ಟೆ.
ತಂತಿಯ ವಿಷಯ ಅಮ್ಮ ಹೇಳಲಿಲ್ಲ, ಅವನೂ ಹೇಳಲಿಲ್ಲ.
ಮೀಟರು ಮಾತ್ರ ಲೆಕ್ಕ ಇಟ್ಟಿತ್ತು,
ಇವನ ಲೆಕ್ಕಕ್ಕೆ.

ಅಂದರೆ ಆ ಪೆನ್ನಿ,
ಅವಳು ಪದೇಪದೇ ಕತ್ತಲಲ್ಲಿ ಕೂರಬಾರದೆಂದು.
ಅಂದರೆ ಎರಡೂ ಮನೆ ಒಂದೇ ರಾತ್ರಿ ಸುಟ್ಟುಹೋಗಬಹುದಿತ್ತು,
ಅದೇ ಪೆನ್ನಿಯಿಂದ.
ಇಪ್ಪತ್ತಾರು ವರ್ಷದ ಕಸುಬಿನಲ್ಲಿ
ಇವೆರಡನ್ನೂ ಒಟ್ಟಿಗೆ ಹಿಡಿಯುವ ಮೀಟರು ನನ್ನ ಚೀಲದಲ್ಲಿಲ್ಲ.
ಬೈದದ್ದನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ.

ತಂತಿ ಕತ್ತರಿಸಿದೆ. ಕಾಯಿದೆ ಕಾಯಿದೆಯೇ.
ಶನಿವಾರ ಲೆಂಪಿಯ ದೀಪಕ್ಕೆ ಅವಳದೇ ಪ್ಯಾನೆಲ್ಲಿನಿಂದ ಹೊಸ ಲೈನು ಎಳೆದೆ;
ಕೂಲಿ, ಥಿಂಬಲ್‌ಬೆರಿ ಜಾಮು, ಎರಡು ಬಾಟಲಿ.

ವಿಮೆಯ ಫಾರಮ್ಮಿಗೆ ಬರೆದುಕೊಟ್ಟೆ:
ಹೆಸರು, ಬಣ್ಣದಡಿ ಓದಲಾಗದು. ವಯಸ್ಸು, ಎಪ್ಪತ್ತರ ಮೇಲೆ. ಅರವತ್ತು ಆಂಪಿಯರ್.
“ಇತರ ವಿವರ” ಅಂತ ಕೊನೆಗೆ ಒಂದು ಗೆರೆ ಇತ್ತು.
ಮಾರ್ಲಿಸ್ ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತಳು,
ಆಮೇಲೆ ಪಾಳಿಗೆ ಹೊತ್ತಾಯಿತೆಂದು ಹೊರಟಳು.